ಬುಧವಾರ ಹತ್ತೂವರೆಗೆ ಕಾಫಿ: ಅರವತ್ತು ದಾಟಿದವರು ಗೆಳೆತನ ಉಳಿಸಿಕೊಳ್ಳುವ ಬಗೆ

ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ನಾನು. ಊರಿನ ಯಾರು ಯಾರ ಜೊತೆ ಮಾತಾಡುತ್ತಾರೆ ಅನ್ನೋದು ಗೊತ್ತಿದ್ದವಳಿಗೆ ರಿಟೈರ್ ಆದ ಎರಡೇ ವರ್ಷಕ್ಕೆ ಮಾತಾಡೋಕೆ ಜನ ಇಲ್ಲದ ಹಾಗಾಯಿತು. ಮಗ ಬೆಂಗಳೂರಲ್ಲಿ. ಯಜಮಾನರು ಪೇಪರ್ ಬಿಡಿಸಿದರೆ ಹನ್ನೊಂದರ ತನಕ ಮನೆಯಲ್ಲಿ ಕುಕ್ಕರ್ ಸದ್ದು ಒಂದೇ. ಗೆಳತಿಯರು ಇರಲಿಲ್ಲ ಅಂತಲ್ಲ. ದುರ್ಗಿಗುಡಿಯಲ್ಲೋ ಗಾಂಧಿ ಬಜಾರಿನಲ್ಲೋ ಸಿಕ್ಕಾಗಲೆಲ್ಲ "ಒಂದಿನ ಎಲ್ಲಾ ಸೇರೋಣ ಕಣೇ" ಅಂತಿದ್ದೆವು. ಆ ಒಂದಿನ ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ. ಹಾಗೇ ನಾಲ್ಕು ವರ್ಷ ಕಳೆದವು.

ಈಗ ಏಳು ವರ್ಷದಿಂದ ಆರು ಜನ ಪ್ರತಿ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಒಂದು ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಕಾಫಿ ಕುಡಿಯುತ್ತೇವೆ. ಕೊರೊನಾ ಕಾಲದಲ್ಲಿ ಮಾತ್ರ ಅವರವರ ಮನೆಯ ಜಗುಲಿಯಲ್ಲಿ ಕೂತು ಫೋನಿನಲ್ಲೇ ನಡೆಸಿದೆವು. "ನಮಗೂ ಇಂಥದ್ದೊಂದು ಬೇಕು, ಹೇಗೆ ಶುರು ಮಾಡೋದು?" ಅಂತ ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಮ್ಮದು ಹೆಂಗಸರ ಗುಂಪು. ಗಂಡಸರಿಗೂ ಇದೇ ನಡೆಯುತ್ತದೆ, ರಾಜಕೀಯದ ಗಲಾಟೆ ಸ್ವಲ್ಪ ಜಾಸ್ತಿ ಇರಬಹುದು ಅಷ್ಟೇ.

ಮೊದಲು ಒಬ್ಬರನ್ನು ಒಪ್ಪಿಸಿ

ಶುರುವಿಗೇ ಹತ್ತು ಜನರನ್ನು ಸೇರಿಸಲು ಹೋಗಬೇಡಿ. ಹತ್ತು ಜನಕ್ಕೆ ಹೊಂದುವ ದಿನ ಹುಡುಕುವುದರಲ್ಲೇ ಉತ್ಸಾಹ ಇಳಿದುಹೋಗುತ್ತದೆ. ನಿಮ್ಮಷ್ಟೇ ಹಟ ಇರುವ ಒಬ್ಬರು ಸಾಕು. ನನಗೆ ಸಿಕ್ಕಿದ್ದು ನಮ್ಮ ನರ್ಸಕ್ಕ. ಮೂವತ್ತು ವರ್ಷ ಆಸ್ಪತ್ರೆ ಡ್ಯೂಟಿ ಮಾಡಿದವಳು, ಹತ್ತೂವರೆ ಅಂದರೆ ಹತ್ತೂ ಇಪ್ಪತ್ತೈದಕ್ಕೇ ಬಂದು ಕೂರುವ ಪೈಕಿ. ಮೊದಲ ಎರಡು ತಿಂಗಳು ನಾವಿಬ್ಬರೇ. ಆಮೇಲೆ ಟೀಚರ್ ಬಂದಳು. ತೀರ್ಥಹಳ್ಳಿ ಕಡೆಯ ಅಕ್ಕ, ಭದ್ರಾವತಿಯ ಗೆಳತಿ, ಪಕ್ಕದ ಮನೆಯ ಟೈಲರ್ ಒಬ್ಬೊಬ್ಬರಾಗಿ ಸೇರಿಕೊಂಡರು.

ಆರಕ್ಕಿಂತ ಜಾಸ್ತಿ ಬೇಡ ಅನ್ನೋದು ನನ್ನ ಅನುಭವ. ಏಳನೆಯವರು ಬಂದ ಕೂಡಲೇ ಒಂದೇ ಟೇಬಲ್ಲಿನಲ್ಲಿ ಎರಡು ಮಾತುಕತೆ ನಡೆಯುತ್ತವೆ. ಮಧ್ಯದಲ್ಲಿ ಕೂತವರಿಗೆ ಎರಡೂ ಅರ್ಧರ್ಧ. ಜನ ಜಾಸ್ತಿಯಾದರೆ ಬೇಜಾರು ಮಾಡಿಕೊಳ್ಳದೆ ಇನ್ನೊಂದು ದಿನಕ್ಕೆ ಇನ್ನೊಂದು ಗುಂಪು ಮಾಡಿ.

ಕರೆಯಬೇಡಿ, ದಿನ ಗೊತ್ತು ಮಾಡಿ

ಪ್ರತಿ ವಾರ ಫೋನ್ ಮಾಡಿ "ಬರ್ತೀಯಾ?" ಅಂತ ಕೇಳುವ ಗುಂಪು ಹೆಚ್ಚು ದಿನ ಉಳಿಯಲ್ಲ. ಕರೆಯುವವರಿಗೆ ನಾನೇ ಯಾಕೆ ಕರೀಬೇಕು ಅನಿಸುತ್ತದೆ. ಬರಲಾಗದವರಿಗೆ ಕಾರಣ ಹೇಳುವ ಕಷ್ಟ. ಮೂರು ಸಲ ಇಲ್ಲ ಅಂದವರು ನಾಲ್ಕನೇ ಸಲ ಫೋನೇ ಎತ್ತಲ್ಲ. ಅದರ ಬದಲು ದಿನ, ಹೊತ್ತು, ಜಾಗ ಮೂರನ್ನೂ ಗಟ್ಟಿ ಮಾಡಿಬಿಡಿ. ಬಂದವರು ಬರಲಿ. ಇಬ್ಬರೇ ಬಂದರೂ ಕಾಫಿ ನಡೆಯುತ್ತದೆ ಅಂತಾದರೆ ಬಾರದವರಿಗೂ ತಪ್ಪು ಮಾಡಿದ ಭಾವನೆ ಇರಲ್ಲ.

ದಿನ ಆರಿಸುವುದು ಹೇಗೆ? ನಮ್ಮಲ್ಲಿ ವಾರದ ಒಂದೊಂದು ದಿನಕ್ಕೂ ಒಬ್ಬೊಬ್ಬ ದೇವರಿದ್ದಾರೆ. ಸೋಮವಾರ ಶಿವ, ಮಂಗಳವಾರ ಮಾರಿಕಾಂಬೆ, ಗುರುವಾರ ರಾಯರು, ಶುಕ್ರವಾರ ಲಕ್ಷ್ಮಿ, ಶನಿವಾರ ಕೋಟೆ ಆಂಜನೇಯ. ಭಾನುವಾರ ಮಕ್ಕಳು ಮನೆಯಲ್ಲಿರುತ್ತಾರೆ. ಯಾರಿಗೂ ಬೇಡವಾಗಿ ಉಳಿದದ್ದು ಬುಧವಾರ. ಅದನ್ನೇ ಹಿಡಿದೆವು.

ಹೊತ್ತಿನ ಲೆಕ್ಕವೂ ಇದೆ. ಒಂಬತ್ತಕ್ಕೆ ಹೋದರೆ ಹೋಟೆಲಿನಲ್ಲಿ ತಿಂಡಿ ರಶ್. ಹಿಂದೆ ಜನ ಕಾಯುತ್ತಾ ನಿಂತಿರುವಾಗ ನಿಧಾನವಾಗಿ ಮಾತಾಡೋಕಾಗಲ್ಲ. ಹನ್ನೆರಡಾದರೆ ಊಟದವರು ಬರುತ್ತಾರೆ. ಹತ್ತೂವರೆಯಿಂದ ಹನ್ನೊಂದೂಮುಕ್ಕಾಲು ಹೋಟೆಲ್ ಉಸಿರು ಬಿಡುವ ಹೊತ್ತು. ಸಪ್ಲೈಯರ್ ಕೂಡ ಕಂಬಕ್ಕೆ ಒರಗಿ ನಿಂತಿರುತ್ತಾನೆ. ಒಂದು ಕಾಫಿಗೆ ಒಂದು ಗಂಟೆ ಕೂತರೂ ಯಾರೂ ಮುಖ ಕಿವುಚಲ್ಲ. ಮನೆ ತಿಂಡಿ ಮುಗಿದಿರುತ್ತದೆ, ಬೆಳಗಿನ ಮಾತ್ರೆ ಹೊಟ್ಟೆ ಸೇರಿರುತ್ತದೆ, ಕತ್ತಲಾಗುವ ಮೊದಲು ಮನೆ ಸೇರಬೇಕೆಂಬ ಗಡಿಬಿಡಿಯೂ ಇರಲ್ಲ.

ಜಾಗ ನೋಡುವಾಗ ಕಿವಿಯನ್ನು ಕೇಳಿ

ಎಲ್ಲರೂ ಕಾಫಿ ಎಲ್ಲಿ ಚೆನ್ನಾಗಿದೆ ಅಂತ ನೋಡುತ್ತಾರೆ. ನಾವೂ ಹಾಗೇ ಮಾಡಿದ್ದೆವು. ಘಮ ಘಮ ಡಿಕಾಕ್ಷನ್ ಇಳಿಯುವ ಕಡೆ, ಕೌಂಟರ್ ಪಕ್ಕದ ಟೇಬಲ್. ಅದರಿಂದ ಏನಾಯಿತು ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಟೀಚರ್ ಬರುವುದು ನಿಲ್ಲಿಸಿದಳು. ಒಂದು ವಾರ ನೆಂಟರು, ಇನ್ನೊಂದು ವಾರ ಮಂಡಿನೋವು. ಮೂರನೇ ವಾರ ನರ್ಸಕ್ಕ ಹೇಳಿದಳು, "ಅವಳ ಮಂಡಿ ಸರಿಯಾಗೇ ಇದೆ. ಕಿವಿ ಕೇಳ್ತಾ ಇಲ್ಲ. ನಾವು ನಕ್ಕು ಮುಗಿಸಿದ ಮೇಲೆ ಅವಳು ನಗ್ತಾಳೆ, ಗಮನಿಸಿದ್ದೀಯಾ?" ಆಗ ನೆನಪಾಯಿತು. ಹೌದು, ನಮ್ಮ ಮುಖ ನೋಡಿಕೊಂಡು ನಗುತ್ತಿದ್ದಳು. ಏನು ಕೇಳಿದರೂ "ಹೌದ್ಹೌದು" ಅನ್ನುತ್ತಿದ್ದಳು. ಒಂದು ದಿನ ಟೈಲರ್ ತನ್ನ ಅಕ್ಕನಿಗೆ ಹುಷಾರಿಲ್ಲ ಅಂದಾಗಲೂ ಟೀಚರ್ ನಗುತ್ತಾ "ಒಳ್ಳೇದಾಯ್ತು ಬಿಡು" ಅಂದಿದ್ದಳು. ನಾವೆಲ್ಲ ಗೊಳ್ಳೆಂದು ನಕ್ಕಿದ್ದೆವು. ಅದೇ ಅವಳ ಕೊನೇ ಬುಧವಾರ. ಕೊನೇ ಬೆಂಚಿನ ಪಿಸುಮಾತು ಹಿಡಿಯುತ್ತಿದ್ದ ಟೀಚರ್ ಅದು.

ನನಗೆ ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ಇದು ನನ್ನ ಕೆಲಸದ ವಿಷಯವೇ ಆಗಿತ್ತು. ಹಳೇ ಟೆಲಿಫೋನ್ ಲೈನು ಸುಮಾರು 300ರಿಂದ 3400 ಹರ್ಟ್ಝ್ ತನಕದ ಸದ್ದನ್ನಷ್ಟೇ ಸಾಗಿಸುತ್ತಿತ್ತು. ಅದಕ್ಕಿಂತ ಸಣ್ಣ, ಚೂಪು ಸದ್ದು ಲೈನಿನಲ್ಲೇ ಉದುರಿಹೋಗುತ್ತಿತ್ತು. ಅದಕ್ಕೇ ನಾವು "ಸಾಗರ, ಸೀತೆಯ ಸ" ಅಂತ ಬಿಡಿಸಿ ಹೇಳುತ್ತಿದ್ದೆವು. ವಯಸ್ಸಾದ ಕಿವಿಯದ್ದೂ ಹೆಚ್ಚು ಕಡಿಮೆ ಇದೇ ಕಥೆ. ಮೊದಲು ಹೋಗುವುದು ಚೂಪು ಸದ್ದು. ಸ್ವರ ಕೇಳಿಸುತ್ತದೆ, ವ್ಯಂಜನ ಜಾರಿಹೋಗುತ್ತದೆ. ಸಾಲು, ಹಾಲು, ಕಾಲು ಮೂರೂ ಒಂದೇ. "ಮಾತಾಡೋದು ಕೇಳಿಸುತ್ತೆ, ಏನು ಅಂತ ಗೊತ್ತಾಗಲ್ಲ" ಅಂತಾರಲ್ಲ, ಅದು ಇದೇ. ಕಿರುಚಿದರೆ ಸ್ವರ ಇನ್ನೂ ಜೋರಾಗುತ್ತದೆ, ವ್ಯಂಜನ ಮರಳಿ ಬರಲ್ಲ. ಅದರ ಮೇಲೆ ಸ್ಟೀಲ್ ಲೋಟ ತೊಳೆಯುವ ಸದ್ದು, ಮಿಕ್ಸಿ, ತಲೆ ಮೇಲೆ ಫ್ಯಾನು.

ಟೇಬಲ್ ಬದಲಾಯಿಸಿದೆವು. ನೀವು ಜಾಗ ಆರಿಸುವಾಗ ಇದನ್ನೇ ನೋಡಿ. ಅಡುಗೆಮನೆ, ಲೋಟ ತೊಳೆಯುವ ಜಾಗ, ಕೌಂಟರ್ ಇವುಗಳಿಂದ ದೂರ ಇರಲಿ. ಮೂಲೆ ಒಳ್ಳೆಯದು. ಕಿವಿ ಮಂದ ಇರುವವರು ಗೋಡೆಗೆ ಬೆನ್ನು ಹಾಕಿ ಕೂರಲಿ, ಹಿಂದಿನಿಂದ ಬರುವ ಗದ್ದಲ ಕಡಿಮೆಯಾಗುತ್ತದೆ. ಕಿಟಕಿಯ ಬೆಳಕು ಮಾತಾಡುವವರ ಮುಖಕ್ಕೆ ಬೀಳಬೇಕು, ಬೆನ್ನಿಗಲ್ಲ. ನಮಗೆ ಗೊತ್ತಿಲ್ಲದೆ ನಾವೆಲ್ಲ ತುಟಿ ನೋಡಿಯೇ ಅರ್ಧ ಮಾತು ಹಿಡಿಯುತ್ತೇವೆ. ಲೋಟ ಬಾಯಿಗೆ ಅಡ್ಡ ಹಿಡಿದು ಮಾತಾಡಬೇಡಿ. "ಏನಂದೆ?" ಅಂತ ಯಾರಾದರೂ ಕೇಳಿದರೆ "ಏನಿಲ್ಲ ಬಿಡು" ಅನ್ನಬೇಡಿ. ಆ ಐದಕ್ಷರಕ್ಕೆ ಮನುಷ್ಯರನ್ನು ಮನೆಯಲ್ಲಿ ಕೂರಿಸುವ ಶಕ್ತಿ ಇದೆ. ಅದೇ ಮಾತನ್ನು ಬೇರೆ ಪದದಲ್ಲಿ ಹೇಳಿ.

ಟೀಚರನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೂ ನರ್ಸಕ್ಕನೇ. ಮೊದಲು ಕಿವಿಯ ಗುಗ್ಗೆ ತೆಗೆಸಿ, ಆಮೇಲೆ ಪರೀಕ್ಷೆ, ಆಮೇಲೆ ಮಷೀನು. ಮಷೀನು ಹಾಕಿಕೊಂಡರೆ ಮುದುಕಿ ಅಂತಾರೆ ಅನ್ನುವ ಸಂಕೋಚ ಅವಳಿಗೆ. "ನಿನಗೆ 71, ಮುದುಕಿ ಅನ್ನದೆ ಇನ್ನೇನಂತಾರೆ?" ಅಂದಳು ನರ್ಸಕ್ಕ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಕಿವಿ ಮಂದವಾಗುವುದು ಅದರಲ್ಲಿ ಒಂದು. ಜನರ ಒಡನಾಟ ಇಲ್ಲದಿರುವುದು ಇನ್ನೊಂದು. ಟೀಚರ್ ವಿಷಯದಲ್ಲಿ ಒಂದರಿಂದಲೇ ಇನ್ನೊಂದು ಹುಟ್ಟಿತ್ತು.

ಜಾಗದ ಬಗ್ಗೆ ಇನ್ನೆರಡು ಮಾತು. ಮೆಟ್ಟಿಲು ಎಷ್ಟಿವೆ, ಹಿಡಿಕೆ ಇದೆಯಾ ನೋಡಿ. ಟಾಯ್ಲೆಟ್ ಎಲ್ಲಿದೆ ಅಂತ ನಾಚಿಕೆ ಬಿಟ್ಟು ಮೊದಲೇ ಹೋಗಿ ನೋಡಿ ಬನ್ನಿ. ನೀರಿನ ಮಾತ್ರೆ ತಗೊಳ್ಳುವವರು, ಸಕ್ಕರೆ ಕಾಯಿಲೆಯವರು ಕಾಫಿಗೆ ಬರಲು ಹಿಂಜರಿಯುವುದು ಎಷ್ಟೋ ಸಲ ಇದೊಂದೇ ಕಾರಣಕ್ಕೆ. ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ಹೆಂಗಸರಿಗೊಂದು ಮಾತು. ಮೊದಲ ದಿನ ನಮ್ಮನ್ನು ನೋಡಿದ ಸಪ್ಲೈಯರ್ "ಫ್ಯಾಮಿಲಿ ರೂಮ್ ಒಳಗಿದೆ ಅಮ್ಮ" ಅಂತ ಪರದೆ ಇಳಿಬಿಟ್ಟ ಗೂಡು ತೋರಿಸಿದ. ನಾವು ಹಾಲಿನಲ್ಲೇ ಕೂತೆವು. ಎರಡು ವಾರ ಅವನೂ ನೋಡಿದ, ಬೇರೆಯವರೂ ನೋಡಿದರು. ಮೂರನೇ ವಾರದಿಂದ ಟೇಬಲ್ ಒರೆಸಿ ಇಟ್ಟಿರುತ್ತಾನೆ.

ಬರುವ ದಾರಿ

ಭದ್ರಾವತಿಯವಳು ಬಸ್ಸಿನಲ್ಲಿ ಬರುತ್ತಾಳೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಅವಳು ಒಂದು ಬುಧವಾರವೂ ತಪ್ಪಿಸಿಲ್ಲ. ಆಧಾರ್ ಕಾರ್ಡ್ ಪರ್ಸಿನಲ್ಲಿರಲಿ. ನಮ್ಮ ಮಲೆನಾಡಿನಲ್ಲಿ ಪ್ರೈವೇಟ್ ಬಸ್ಸೇ ಜಾಸ್ತಿ, ಅದರಲ್ಲಿ ಫ್ರೀ ಇಲ್ಲ. ಸರ್ಕಾರಿ ಬಸ್ಸಿನ ಹೊತ್ತು ನೋಡಿಕೊಂಡೇ ನಿಮ್ಮ ಕಾಫಿ ಹೊತ್ತು ಇಟ್ಟುಕೊಳ್ಳಿ. ಗಂಡಸರಿಗೆ 60 ದಾಟಿದ್ದರೆ ಕೆಎಸ್‌ಆರ್‌ಟಿಸಿಯಲ್ಲಿ ಟಿಕೆಟಿಗೆ ಶೇ. 25 ರಿಯಾಯಿತಿ ಸಿಗುತ್ತದೆ.

ಕಾಫಿ ಎಷ್ಟು, ಹೇಗೆ

ಬೈ-ಟು ಹೇಳಿ. ಇದು ಜಿಪುಣತನ ಅಲ್ಲ. ಅರ್ಧ ಲೋಟ ಕಾಫಿಗೆ ಅರ್ಧ ಸಕ್ಕರೆ, ಅರ್ಧ ಕೆಫೀನ್. ಅರ್ಧ ಗಂಟೆ ಬಿಟ್ಟು ಇನ್ನೊಂದು ಬೈ-ಟು ಹೇಳಬಹುದು, ಕೂರೋಕೆ ಇನ್ನೊಂದು ನೆಪ ಸಿಕ್ಕಿತು. ಸಕ್ಕರೆ ಬೇರೆ ಕೊಡಲು ಹೇಳಿ. ಮೊದಲೇ ಹಾಕಿ ತಂದರೆ ಬೇಡದವರೂ ಕುಡಿಯುತ್ತಾರೆ.

ಥೈರಾಯ್ಡ್ ಮಾತ್ರೆ ತಗೊಳ್ಳುವವರು ಕಾಫಿಗೂ ಮಾತ್ರೆಗೂ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಅಂತರ ಇಡಿ. ಕಾಫಿ ಜೊತೆ ನುಂಗಿದರೆ ಮಾತ್ರೆ ಸರಿಯಾಗಿ ಮೈಗೆ ಹಿಡಿಯಲ್ಲ. ಕಬ್ಬಿಣದ ಮಾತ್ರೆಗೂ ಕಾಫಿಗೂ ಆಗಿಬರಲ್ಲ. ಸಂಜೆ ಸೇರುವ ಗುಂಪಿನವರು ಇನ್ನೊಂದು ಲೆಕ್ಕ ನೆನಪಿಡಿ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಐದಕ್ಕೆ ಕುಡಿದರೆ ರಾತ್ರಿ ಹತ್ತಕ್ಕೂ ಅರ್ಧ ಒಳಗೇ ಇರುತ್ತದೆ. ನಿದ್ದೆ ಬರಲ್ಲ ಅಂತ ಗೊಣಗುವವರು ಇದನ್ನು ಮೊದಲು ನೋಡಲಿ. ಸಂಜೆಗೆ ಜೀರಿಗೆ, ಕೊತ್ತಂಬರಿ ಹಾಕಿದ ಕಷಾಯವೇ ಸರಿ. ಅದಕ್ಕೆ ಹಾಲು, ಬೆಲ್ಲ ಬಿದ್ದರೆ ಯಾರೂ ಬೇಡ ಅನ್ನಲ್ಲ.

ಮಾತಿಗೆ ಮೂರು ನಿಮಿಷ

ಟ್ರಂಕ್ ಕಾಲ್ ಕಾಲದಲ್ಲಿ ಮೂರು ನಿಮಿಷಕ್ಕೊಂದು ಲೆಕ್ಕ. ಮುಗಿದಾಗ ಆಪರೇಟರ್ ಲೈನಿನಲ್ಲಿ ಬಂದು "ಮೂರು ನಿಮಿಷ ಆಯ್ತು" ಅನ್ನಬೇಕು. ಎಷ್ಟು ಜನರ ಬೈಗುಳ ತಿಂದಿದ್ದೇನೋ. ಆ ಕೆಲಸ ಈಗಲೂ ಮಾಡುತ್ತೇನೆ. ಕಾಯಿಲೆ ಸುದ್ದಿಗೆ ಒಬ್ಬರಿಗೆ ಮೂರು ನಿಮಿಷ. ಬಿಪಿ, ಶುಗರ್, ಸೊಂಟ, ಡಾಕ್ಟರ್ ಏನಂದರು ಎಲ್ಲ ಅಷ್ಟರಲ್ಲಿ. ಸಮಯ ಆದಾಗ ನಾನು ಲೋಟಕ್ಕೆ ಚಮಚ ತಟ್ಟುತ್ತೇನೆ. ಈ ನಿಯಮ ಇಲ್ಲದಿದ್ದರೆ ಇಡೀ ಗಂಟೆ ಆಸ್ಪತ್ರೆಯ ಹೊರರೋಗಿ ವಿಭಾಗ ಆಗುತ್ತದೆ. ಹಾಗಂತ ಕಾಯಿಲೆ ಮಾತೇ ಬೇಡ ಅಂತ ಮಾತ್ರ ಮಾಡಬೇಡಿ. ಎಲ್ಲೂ ಹೇಳಿಕೊಳ್ಳಲಾಗದ್ದನ್ನು ಹೇಳೋಕೇ ಜನ ಬರುವುದು.

ಸೊಸೆಯ ಮಾತು ನಿಷೇಧಿಸೋಣ ಅಂತ ಟೀಚರ್ ಒಮ್ಮೆ ಅಂದಳು. ನಿಷೇಧಿಸಿದರೆ ಗುಂಪೇ ಉಳಿಯಲ್ಲ ಅಂದೆವು. ನಿಯಮ ಬೇರೆ ಮಾಡಿದೆವು: ಟೇಬಲ್ಲಿನ ಮಾತು ಟೇಬಲ್ಲಿಗೇ. ಗಂಡನಿಗೂ ಹೇಳುವ ಹಾಗಿಲ್ಲ. ಇದನ್ನು ಒಬ್ಬರು ಮುರಿದರೂ ಆಮೇಲೆ ಎಲ್ಲರೂ ಹವಾಮಾನವನ್ನಷ್ಟೇ ಮಾತಾಡುತ್ತಾರೆ.

ಅಂದಹಾಗೆ ಹವಾಮಾನದ ಮಾತು ಸಣ್ಣದೇನಲ್ಲ, ನಮ್ಮ ಊರಲ್ಲಂತೂ ಅಲ್ಲ. ಮಾತು ನಿಂತಾಗ ಶುರು ಮಾಡಲು ಅದಕ್ಕಿಂತ ಒಳ್ಳೆಯದು ಇಲ್ಲ. ಜೂನ್-ಜುಲೈನಲ್ಲಿ "ಮಂಟಪ ಮುಳುಗಿತಾ?" ಅಂದರೆ ಸಾಕು. ತುಂಗೆ ತುಂಬಿ ಕೋರ್ಪಲಯ್ಯನ ಛತ್ರದ ಹತ್ತಿರದ ಕಲ್ಲಿನ ಮಂಟಪ ಮುಳುಗಿದರೆ ಊರಿಗೇ ಸಂಭ್ರಮ, ಸೇತುವೆ ಮೇಲೆ ನಿಂತು ನೋಡದವರಿಲ್ಲ. ಗಾಜನೂರಲ್ಲಿ ಎಷ್ಟು ಗೇಟು ತೆಗೆದರು, ಲಿಂಗನಮಕ್ಕಿ 1819 ಅಡಿಗೆ ಇನ್ನೆಷ್ಟು ಬಾಕಿ, ಭದ್ರಾ 186 ಮುಟ್ಟುತ್ತಾ? ಭದ್ರಾವತಿಯವಳು ಭದ್ರೆಯ ಪರ, ನಾವು ತುಂಗೆಯ ಪರ. ಮಳೆ ಹಿಡಿದುಕೊಂಡರೆ ತೀರ್ಥಹಳ್ಳಿ ಅಕ್ಕನಿಗೆ ತೋಟದ ಚಿಂತೆ, ಕೊಳೆ ರೋಗಕ್ಕೆ ಔಷಧಿ ಹೊಡೆಯೋಕೆ ಬಿಡುವು ಕೊಡುತ್ತೋ ಇಲ್ಲವೋ ಅಂತ. ಚಳಿಗಾಲಕ್ಕೆ ಅಡಿಕೆ ರೇಟು ಇದ್ದೇ ಇದೆ.

ಇನ್ನೊಂದು ಉಪಯೋಗ ನಾವು ಎಣಿಸಿಯೇ ಇರಲಿಲ್ಲ. ಒಂದು ಬುಧವಾರ ಟೈಲರ್ ಬಂದವಳು ಕಾಫಿ ಮುಟ್ಟಲಿಲ್ಲ. ಹಿಂದಿನ ದಿನ ಯಾರೋ ಪೊಲೀಸ್ ಅಂತ ವಿಡಿಯೋ ಕಾಲ್ ಮಾಡಿ, ನಿನ್ನ ಹೆಸರಿನ ಪಾರ್ಸಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ಯಾರಿಗೂ ಹೇಳಬೇಡ, ದುಡ್ಡು ಹಾಕು ಅಂದಿದ್ದರಂತೆ. ಮಧ್ಯಾಹ್ನ ಬ್ಯಾಂಕಿಗೆ ಹೋಗುವವಳಿದ್ದಳು. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ಅಂಥ ಕರೆ ಬಂದರೆ ಕಟ್ ಮಾಡಿ, 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಈ ವಂಚಕರ ಬಲ ಇರುವುದೇ "ಯಾರಿಗೂ ಹೇಳಬೇಡ" ಅನ್ನುವುದರಲ್ಲಿ. ನಮ್ಮ ಪುಣ್ಯ, ಮಾರನೇ ದಿನವೇ ಬುಧವಾರ ಆಗಿತ್ತು.

ದುಡ್ಡು

ಪ್ರತಿ ಸಲ "ನಾನ್ ಕೊಡ್ತೀನಿ, ನೀನ್ ಬೇಡ" ಅನ್ನುವ ಜಗ್ಗಾಟ ಬೇಡ. ತಿಂಗಳಿಗೆ ಒಬ್ಬರು ಇಷ್ಟು ಅಂತ ಒಂದು ಡಬ್ಬಿಗೆ ಹಾಕಿ, ಅದರಿಂದಲೇ ಕೊಡಿ. ಯಾರ ಪೆನ್ಶನ್ ಎಷ್ಟು, ಯಾರಿಗೆ ಪೆನ್ಶನ್ನೇ ಇಲ್ಲ ಅನ್ನುವುದು ಟೇಬಲ್ ಮೇಲೆ ಬರಬಾರದು. ಸಪ್ಲೈಯರಿಗೆ ಟಿಪ್ಸ್ ಮರೆಯಬೇಡಿ.

ಬಾರದವರನ್ನು ಹುಡುಕಿ

ಇಷ್ಟೆಲ್ಲ ಮಾಡುವುದು ಮುಖ್ಯವಾಗಿ ಇದಕ್ಕೇ. ಬಂದವರ ಜೊತೆ ಹರಟುವುದು ಸುಲಭ. ಒಂದು ಕುರ್ಚಿ ಖಾಲಿ ಇದ್ದಾಗ ಅದು ಯಾರ ಕಣ್ಣಿಗಾದರೂ ಬೀಳಬೇಕು. ಒಬ್ಬರೇ ಇರುವವರು ಸೋಮವಾರ ಜಾರಿ ಬಿದ್ದರೆ ಮಕ್ಕಳಿಗೆ ಗೊತ್ತಾಗುವುದು ಭಾನುವಾರದ ಫೋನಿಗೆ. ನಮಗೆ ಬುಧವಾರವೇ ಗೊತ್ತಾಗುತ್ತದೆ.

ನಮ್ಮ ಕ್ರಮ ಹೀಗಿದೆ. ಬರಲಾಗದಿದ್ದರೆ ಕಾರಣ ಹೇಳಬೇಕಿಲ್ಲ, "ಇವತ್ತಿಲ್ಲ" ಅಂತ ಒಂದು ಮೆಸೇಜ್ ಸಾಕು. ಮೆಸೇಜೂ ಇಲ್ಲ, ಜನವೂ ಇಲ್ಲ ಅಂದರೆ ಹನ್ನೊಂದಕ್ಕೆ ಫೋನ್. ಎರಡು ಸಲಕ್ಕೂ ಎತ್ತದಿದ್ದರೆ ಏಳುವಾಗ ಇಬ್ಬರು ಆಟೋ ಹಿಡಿದು ಮನೆಗೆ ಹೋಗುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಫೋನ್ ಚಾರ್ಜಿಗೆ ಹಾಕಿ ಮರೆತು ಮಲಗಿರುತ್ತಾರೆ. ಬೈದು, ಅಲ್ಲೇ ಒಂದು ಕಾಫಿ ಕುಡಿದು ಬರುತ್ತೇವೆ. ಪ್ರತಿಯೊಬ್ಬರ ಬ್ಯಾಗಿನಲ್ಲೂ ಒಂದು ಚೀಟಿ ಇದೆ. ಆರೂ ಜನರ ಮನೆ ವಿಳಾಸ, ಮಕ್ಕಳ ನಂಬರ್, ಪಕ್ಕದ ಮನೆಯವರ ನಂಬರ್, ತಗೊಳ್ಳುವ ಮಾತ್ರೆಗಳ ಹೆಸರು. ಕಾಗದದ ಮೇಲೆಯೇ ಬರೆಯಿರಿ, ದಪ್ಪ ಅಕ್ಷರದಲ್ಲಿ. ಗಾಬರಿಯಾದಾಗ ಮೊಬೈಲಿನಲ್ಲಿ ಹುಡುಕುತ್ತಾ ಕೂರಲಾಗಲ್ಲ. ಗೆಳತಿಯರ ಕೈಮೀರಿದ ವಿಷಯ ಅನಿಸಿದರೆ ಹಿರಿಯರ ಸಹಾಯವಾಣಿ 14567 ಇದೆ, ಅದನ್ನೂ ಚೀಟಿಯಲ್ಲಿ ಬರೆದುಕೊಳ್ಳಿ.

ಒಮ್ಮೆ ನವೆಂಬರಿನಲ್ಲಿ ತೀರ್ಥಹಳ್ಳಿ ಅಕ್ಕ ಎರಡು ವಾರ "ಇವತ್ತಿಲ್ಲ" ಅಂತಷ್ಟೇ ಕಳಿಸಿದಳು. ಮೂರನೇ ವಾರ ಮನೆಗೆ ಹೋದೆವು. ಜ್ವರ ಇಲ್ಲ, ನೋವಿಲ್ಲ. ಸಿಟ್ಟು. ಅವಳ ಯಜಮಾನರು ಅಂಚೆ ಇಲಾಖೆಯಲ್ಲಿದ್ದವರು, ಅವಳಿಗೆ ಫ್ಯಾಮಿಲಿ ಪೆನ್ಶನ್ ಬರುತ್ತದೆ. ಬದುಕಿದ್ದೇನೆ ಅಂತ ಪ್ರತಿ ನವೆಂಬರಿನಲ್ಲಿ ಸರ್ಟಿಫಿಕೇಟ್ ಕೊಡಬೇಕಲ್ಲ, ಅದಕ್ಕೆ ಒಂದು ಬ್ಯಾಂಕಿಗೆ ಎರಡು ಸಲ ಹೋಗಿದ್ದಾಳೆ. ಬೆರಳಚ್ಚು ತಗೊಳ್ಳುತ್ತಿಲ್ಲ. ಚಿಕ್ಕಂದಿನಿಂದ ಅಡಿಕೆ ಸುಲಿದ ಬೆರಳು, ರೇಖೆಯೆಲ್ಲ ಸವೆದು ನುಣ್ಣಗಾಗಿದೆ. ಕೌಂಟರಿನ ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಒತ್ತಿ, ಮತ್ತೆ ಒರೆಸಿ, "ಆಗ್ತಿಲ್ಲ ಅಜ್ಜಿ, ಇನ್ನೊಂದಿನ ಬನ್ನಿ" ಅಂದನಂತೆ. "ಎದುರಿಗೇ ನಿಂತಿದ್ದೀನಿ, ಸತ್ತಿದ್ದೀನಿ ಅಂತಾನಲ್ಲ" ಅನ್ನುವುದು ಅವಳ ಸಂಕಟ.

ಮುಂದಿನ ಬುಧವಾರ ಅವಳನ್ನು ಟೇಬಲ್ಲಿಗೆ ಕರೆದುಕೊಂಡು ಬಂದೆವು. ಬೆರಳು ಆಗದಿದ್ದರೆ ಮುಖ ತೋರಿಸಿಯೂ ಮಾಡಬಹುದು. ಜೀವನ್ ಪ್ರಮಾಣ್ ಆ್ಯಪ್ ಇದೆ, ಅದರ ಜೊತೆ ಆಧಾರ್ ಫೇಸ್‌ಆರ್‌ಡಿ ಅನ್ನುವ ಇನ್ನೊಂದನ್ನೂ ಹಾಕಿಕೊಳ್ಳಬೇಕು. ಆಧಾರ್ ನಂಬರ್, ಪೆನ್ಶನ್ ಪೇಮೆಂಟ್ ಆರ್ಡರ್ ನಂಬರ್, ಬ್ಯಾಂಕ್ ಖಾತೆ ನಂಬರ್ ಕೈಯಲ್ಲಿರಲಿ. ಭದ್ರಾವತಿಯವಳ ಸ್ಮಾರ್ಟ್‌ಫೋನು, ನನ್ನ ಕನ್ನಡಕ, ಟೀಚರಿನ ಜೋರು ಓದು. "ಕಣ್ಣು ಮಿಟುಕಿಸಿ" ಅಂತ ಫೋನ್ ಹೇಳಿದ್ದಕ್ಕೆ ಅಕ್ಕ ನಾಚಿಕೊಂಡಳು. ಹಿಂದೆ ಕಿಟಕಿ ಇದ್ದಿದ್ದರಿಂದ ಮೊದಲ ಸಲ ಮುಖ ಕಪ್ಪು. ಜಾಗ ಬದಲಾಯಿಸಿ ಬೆಳಕಿಗೆ ಮುಖ ಮಾಡಿ ಕೂರಿಸಿದ ಮೇಲೆ ಆಯಿತು. ಸಪ್ಲೈಯರ್ ಕೂಡ ಬಂದು ನಿಂತು ನೋಡಿದ.

"ಬ್ಯಾಂಕಿಗೆ ವರ್ಷಕ್ಕೊಂದು ಸಲ ಬದುಕಿದ್ದೀನಿ ಅಂತ ತೋರಿಸಬೇಕು, ನಿಮಗೆ ವಾರ ವಾರ ತೋರಿಸಬೇಕಲ್ಲ" ಅಂದಳು ಅಕ್ಕ. ಆವತ್ತಿನಿಂದ "ಇವತ್ತಿಲ್ಲ" ಎರಡು ಬುಧವಾರ ಸತತ ಬಂದರೆ ಮನೆಗೆ ಹೋಗುವುದು ಅಂತ ಇನ್ನೊಂದು ನಿಯಮ ಸೇರಿತು.

ಜಡಿಮಳೆಯ ದಿನ ಮನೆಯಲ್ಲೇ

ಆರಿದ್ರಾ, ಪುನರ್ವಸು ಮಳೆ ಹಿಡಿದು ಕೂತರೆ ಹೋಟೆಲಿಗೆ ಹೋಗುವುದು ಜಾಣತನ ಅಲ್ಲ. ಅಂಗಳದ ಕಲ್ಲಿಗೆ ಹಾವಸೆ ಹಿಡಿದಿರುತ್ತದೆ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮುಗಿಯಿತು. ಹಾಗಂತ ಬುಧವಾರ ಬಿಡಬೇಡಿ. ಎಲ್ಲರಿಗೂ ಹತ್ತಿರದ ಒಂದು ಮನೆ ಗೊತ್ತು ಮಾಡಿಕೊಳ್ಳಿ, ಮೆಟ್ಟಿಲು ಕಡಿಮೆ ಇರುವಂಥದ್ದು. ಮನೆಯವಳಿಗೆ ಹೊರೆ ಆಗಬಾರದು. ಕಾಫಿ ಮಾತ್ರ ಅವಳದ್ದು, ಹಲಸಿನ ಹಪ್ಪಳ, ಕೋಡುಬಳೆ ಬೇರೆಯವರು ತರಲಿ. ಉಪ್ಪಿಟ್ಟು, ಕೇಸರಿಬಾತ್ ಅಂತ ಒಮ್ಮೆ ಶುರುವಾದರೆ ಪೈಪೋಟಿಗೆ ಬೀಳುತ್ತಾರೆ, ಆಮೇಲೆ ಯಾರೂ ಮನೆಗೆ ಕರೆಯಲ್ಲ.

ಆರು ಜನಕ್ಕೆ ಅರ್ಧರ್ಧ ಲೋಟದ ಹಾಗೆ ಫಿಲ್ಟರಿಗೆ ನಾಲ್ಕು ದೊಡ್ಡ ಚಮಚ ಪುಡಿ ಸಾಕು. ಮಳೆಗಾಲದಲ್ಲಿ ಫಿಲ್ಟರಿಗೆ ಮೊದಲು ಸ್ವಲ್ಪ ಬಿಸಿನೀರು ಹುಯ್ದು ಚೆಲ್ಲಿ, ಇಲ್ಲದಿದ್ದರೆ ಡಿಕಾಕ್ಷನ್ ಇಳಿಯುವಷ್ಟರಲ್ಲೇ ತಣ್ಣಗಾಗಿರುತ್ತದೆ. ಪುಡಿಯನ್ನು ಅಮುಕಬೇಡಿ, ಮಟ್ಟ ಮಾಡಿದರೆ ಸಾಕು. ಕುದಿದ ನೀರನ್ನು ಅರ್ಧ ನಿಮಿಷ ಬಿಟ್ಟು ಸುತ್ತಲೂ ನಿಧಾನವಾಗಿ ಹುಯ್ಯಿರಿ. ಇಪ್ಪತ್ತು ನಿಮಿಷ ಮುಟ್ಟಬೇಡಿ, ತಟ್ಟಬೇಡಿ. ಪುಡಿ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂದೆ ಓದಿ. ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಲೇಬೇಕು ಅಂತ ನಿಯಮ ಇದೆ. ಕೆಲವರು ಅಷ್ಟಕ್ಕೇ ನಿಲ್ಲಿಸಿರುತ್ತಾರೆ. ನಮಗೆ 80-20 ಹಿತ. ನಮ್ಮ ಥಂಡಿಗೆ ಪುಡಿ ಬೇಗ ಗಂಟು ಕಟ್ಟುತ್ತದೆ, ನೂರಿನ್ನೂರು ಗ್ರಾಮಿಗಿಂತ ಜಾಸ್ತಿ ತಂದಿಡಬೇಡಿ.

ಮಗನ ಮನೆಗೆ, ಮಗಳ ಬಾಣಂತನಕ್ಕೆ ಅಂತ ತಿಂಗಳುಗಟ್ಟಲೆ ಹೋದವರನ್ನು ಬಿಡಬೇಡಿ. ಹತ್ತೂಮುಕ್ಕಾಲಿಗೆ ಸ್ಪೀಕರಿನಲ್ಲಿ ಫೋನ್ ಹಾಕಿ ಟೇಬಲ್ ಮಧ್ಯ ಇಡಿ. ಹತ್ತು ನಿಮಿಷ ಸಾಕು.

ಒಬ್ಬರು ಕಡಿಮೆಯಾದಾಗ

ಈ ವಯಸ್ಸಿನ ಗುಂಪಿನಲ್ಲಿ ಇದು ಬಂದೇ ಬರುತ್ತದೆ, ಹಾಗಾಗಿ ಬರೆಯಲೇಬೇಕು. ಹೋದ ಆಷಾಢದಲ್ಲಿ ನರ್ಸಕ್ಕ ಹೋದಳು. ಮೂರೇ ದಿನದ ಆಸ್ಪತ್ರೆ, ಅಷ್ಟೇ. ಆ ವಾರದ ಬುಧವಾರ ಬೇಡ ಅಂತ ಎಲ್ಲರಿಗೂ ಅನಿಸಿತ್ತು. ಬೇಡ ಅನಿಸಿದರೂ ಹೋಗಿ. ಒಂದು ವಾರ ಬಿಟ್ಟರೆ ಎರಡಾಗುತ್ತದೆ, ಆಮೇಲೆ ಮೊದಲು ಯಾರು ಬಾಯಿ ಬಿಡಬೇಕು ಅಂತ ಗೊತ್ತಾಗಲ್ಲ.

ನಾವು ಹೋದೆವು. ಯಾರೂ ಏನೂ ಹೇಳದೆ ಸಪ್ಲೈಯರ್ ಎಂದಿನ ಹಾಗೆ ಮೂರು ಬೈ-ಟು ತಂದ, ಆರು ಲೋಟ. ಐದು ಜನಕ್ಕೆ ಬೈ-ಟು ಲೆಕ್ಕ ಸರಿಹೋಗಲ್ಲ ಅಂತ ಆವತ್ತು ಗೊತ್ತಾಯಿತು. ಎರಡೂವರೆ ಕಾಫಿ ಯಾವ ಹೋಟೆಲೂ ಕೊಡಲ್ಲ. ಅವಳ ಪಾಲಿನ ಲೋಟ ಮಧ್ಯದಲ್ಲೇ ಕೆನೆ ಕಟ್ಟಿಕೊಂಡು ಕೂತಿತ್ತು. ಟೀಚರ್ ಅವಳ ಬಗ್ಗೆ ಒಂದು ತಮಾಷೆ ಹೇಳಿದಳು, ನಕ್ಕೆವು, ಅತ್ತೆವು. ಮೂರು ನಿಮಿಷದ ನಿಯಮ ಆವತ್ತು ಇರಲಿಲ್ಲ.

ಖಾಲಿ ಜಾಗಕ್ಕೆ ಬೇರೆಯವರನ್ನು ಕೂಡಲೇ ತರಬೇಡಿ. ಹಾಗಂತ ವರ್ಷಗಟ್ಟಲೆ ಖಾಲಿಯೂ ಬಿಡಬೇಡಿ. ನಾವು ಎರಡು ತಿಂಗಳು ಬಿಟ್ಟೆವು. ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಒಬ್ಬರು ಅದೇ ಹೊತ್ತಿಗೆ ಬಂದು, ಒಬ್ಬರೇ ಕಾಫಿ ಕುಡಿದು, ಬಿಲ್ಲನ್ನು ನಾಲ್ಕು ಸಲ ಮಡಚಿ ಬಿಚ್ಚಿ ಎದ್ದು ಹೋಗುತ್ತಿದ್ದರು. ನಮ್ಮದೇ ವಯಸ್ಸು. ಬನ್ನಿ, ನಮ್ಮ ಗುಂಪಿಗೆ ಸೇರಿ ಅಂದಿದ್ದರೆ ಖಂಡಿತ ಬೇಡ ಅನ್ನುತ್ತಿದ್ದರು. ನಾನು ಆರನೇ ಲೋಟ ಎತ್ತಿಕೊಂಡು ಹೋಗಿ, "ಅರ್ಧ ಕಾಫಿ ಜಾಸ್ತಿಯಾಗಿದೆ, ಸುಮ್ನೆ ಆರಿಹೋಗುತ್ತೆ, ತಗೋತೀರಾ?" ಅಂದೆ.

ಅವರು ಲೋಟ ನೋಡಿದರು, ನಮ್ಮ ಟೇಬಲ್ ನೋಡಿದರು. "ಸಕ್ಕರೆ ಹಾಕಿದ್ದಾರಾ?" ಅಂದರು.

"ಇಲ್ಲ, ಬೇರೆ ಇದೆ. ಅಲ್ಲಿ, ಟೇಬಲ್ ಮೇಲೆ" ಅಂದೆ.